ಅಡ್ಡಹೆಸರಿಲ್ಲದ ಫಿಂಡ್ರಿ

ವಿಲ್ಫ್ರೆಡ್ ಫಿಂಡ್ರಿ ತನ್ನ ಹೆಸರು ಹೇಳುವಾಗ ಟೋಪಿ ತೆಗೆಯುತ್ತಿದ್ದ. ಸ್ಕಾಟ್ಲೆಂಡಿನ ಈಶಾನ್ಯ ಕಡಲಂಚಿನ ನಮ್ಮ ಕಿನ್‌ಹೈತಿನಲ್ಲಿ ಗಂಡಸರ ಟೋಪಿ ತಲೆಯಿಂದ ಇಳಿಯುವುದು ಚರ್ಚಿನಲ್ಲಿ ಮತ್ತು ಹೆಣದ ಮುಂದೆ ಮಾತ್ರ. ಇವನು ಬಂದರಿನ ಕಟ್ಟೆಯ ಮೇಲೆ, ಬಲೆ ಹೊಲಿಯುತ್ತ ಕೂತವರ ಎದುರು, ಇದ್ದ ನಾಲ್ಕು ಕೂದಲನ್ನೂ ಗಾಳಿಗೆ ಒಪ್ಪಿಸಿ, ಟೋಪಿಯನ್ನು ಎದೆಗೊತ್ತಿಕೊಂಡು, "ಮೂಲತಃ ನಾನೂ ಫಿಂಡ್ರಿ" ಎನ್ನುತ್ತಿದ್ದ. ಬಲೆ ಹೊಲಿಯುವವರೂ ಫಿಂಡ್ರಿಗಳೇ, ಮೀನು ಅಳೆಯುವವನೂ ಫಿಂಡ್ರಿ, ಪಕ್ಕದಲ್ಲಿ ಸುಮ್ಮನೆ ಸಿಳ್ಳೆ ಹಾಕುತ್ತ ನಿಂತವನೂ ಫಿಂಡ್ರಿ. ಸಮುದ್ರದೆದುರು ನಿಂತು "ನಾನೂ ನೀರು" ಅಂದಷ್ಟೇ ಆಗುತ್ತಿತ್ತು ಅದು.

"ಮೂಲತಃ" ಎನ್ನುವುದು ಅವನ ಮಾತಿನ ಊರುಗೋಲು. ಅದಿಲ್ಲದೆ ಅವನ ಯಾವ ವಾಕ್ಯವೂ ಎದ್ದು ನಿಲ್ಲುತ್ತಿರಲಿಲ್ಲ. ಮೂಲತಃ ಮಳೆ ಬರಬಹುದು, ಮೂಲತಃ ಈ ಬ್ರೆಡ್ಡು ನಿನ್ನೆಯದು, ಮೂಲತಃ ನನ್ನ ಮೊಣಕಾಲು ನೋಯುತ್ತಿದೆ. ಋಷಿಮೂಲ ನದಿಮೂಲ ಕೇಳಬಾರದು ಎಂದು ನಾನು ಹುಟ್ಟಿದ ಹಾಸನದ ಕಡೆ ಹಿರಿಯರು ಹೇಳುತ್ತಾರೆ. ಆ ಸಾಲಿಗೆ ಮನೆತನದ ಹೆಸರನ್ನೂ ಸೇರಿಸಬೇಕಿತ್ತು ಎಂದು ನನಗೆ ತಿಳಿದದ್ದು ಇವನಿಂದ.

ಅವನು ಹುಟ್ಟಿ ಬೆಳೆದದ್ದು ಇಂಗ್ಲೆಂಡಿನ ಡರ್ಬಿಯಲ್ಲಿ, ದುಡಿದದ್ದು ರೈಲ್ವೆಯಲ್ಲಿ. ಆ ದೊಡ್ಡ ಊರಿನಲ್ಲಿ ಅವನೊಬ್ಬನೇ ಫಿಂಡ್ರಿ. ಹೆಸರು ಹೇಳಿದಾಗಲೆಲ್ಲ ಜನ "ಏನಂದಿರಿ?" ಎಂದು ಮತ್ತೊಮ್ಮೆ ಕೇಳುತ್ತಿದ್ದರಂತೆ. ಮೀನಿಲ್ಲವೆಂದು ಯಾವುದೋ ಕಡಲೂರು ಬಿಟ್ಟು ಬಂದವನು ತನ್ನ ತಾತ ಎಂಬುದಷ್ಟೇ ಅವನಿಗೆ ಗೊತ್ತಿತ್ತು. ಹೆಂಡತಿ ತೀರಿಕೊಂಡ ಮೇಲೆ, ಮಕ್ಕಳಿಲ್ಲದ ಆ ಮನುಷ್ಯ, ತನ್ನ ಹೆಸರಿನ ಬೆನ್ನು ಹತ್ತಿದ. ಜಗತ್ತಿನಲ್ಲೆಲ್ಲ ಹುಡುಕಿದರೂ ಅದು ಇರುವುದು ಕೆಲವೇ ಕಡೆ ಎಂದು ಕಂಡುಕೊಂಡ: ಹೆರಿಂಗ್ ಮೀನಿನ ಹಿಂದೆ ಹೋದವರು ನೆಲೆನಿಂತ ಇಂಗ್ಲೆಂಡಿನ ಪೂರ್ವ ಬಂದರುಗಳಲ್ಲಿ ಒಂದಿಷ್ಟು, ಕೆನಡಾದ ಒಂದು ಮೀನುಗಾರರ ದ್ವೀಪದಲ್ಲಿ ಒಂದಿಷ್ಟು, ನ್ಯೂಜಿಲೆಂಡಿನ ತೀರಾ ದಕ್ಷಿಣದ ತುದಿಯಲ್ಲಿ ಬೆರಳೆಣಿಕೆಯಷ್ಟು, ಉಳಿದಂತೆ ಎಲ್ಲ ಎಳೆಗಳೂ ಬಂದು ಸೇರುವುದು ಕಿನ್‌ಹೈತಿಗೆ. ಇಲ್ಲಿನ ಮನೆಯ ಗೋಡೆಗೆ ಅವನು ದೊಡ್ಡದೊಂದು ಭೂಪಟ ಹಚ್ಚಿದ್ದ. ಅದರ ಮೇಲೆ ಗುಂಡುಸೂಜಿಗಳು, ಸೂಜಿಯಿಂದ ಸೂಜಿಗೆ ಕೆಂಪು ನೂಲು. ಎಲ್ಲ ನೂಲಿನ ಗಂಟು ನಮ್ಮ ಬಂದರಿನ ಮೇಲೆ. ಊರ ಹಿಂದಿನ ಗುಡ್ಡದ ಇಳಿಜಾರಿಗೆ ಹಳೆಯ ಗೇಲಿಕ್ ನುಡಿಯಲ್ಲಿದ್ದ ಹೆಸರೇ ಫಿಂಡ್ರಿ, 'ಬೆಳ್ಳನೆಯ ಇಳಿಜಾರು' ಎಂದು ಅದರ ಅರ್ಥ ಎಂದೂ ಅವನೇ ಹೇಳಿದ. ಹಾಗೆ ಹೇಳುವಾಗ ಅವನ ಮುಖವೂ ಬೆಳ್ಳಗಾಗುತ್ತಿತ್ತು, ಸಂತೋಷದಿಂದ.

ಪಾಪ, ಅವನಿಗೆ ತಿಳಿಯದೇ ಹೋದ ಸಂಗತಿ ಒಂದಿತ್ತು. ಜಗತ್ತಿನಲ್ಲೆಲ್ಲ ಅಪರೂಪವಾದ ಆ ಹೆಸರು ಕಿನ್‌ಹೈತಿನಲ್ಲಿ ಯಾವ ಉಪಯೋಗಕ್ಕೂ ಬರುವುದಿಲ್ಲ. ಊರೆಲ್ಲ ಫಿಂಡ್ರಿಗಳಾದಾಗ ಫಿಂಡ್ರಿ ಎಂದರೆ ಯಾರು? ಆದ್ದರಿಂದ ಇಲ್ಲಿ ಪ್ರತಿ ಮನೆಗೂ ಒಂದು ಅಡ್ಡಹೆಸರು. ಅಪ್ಪನಿಂದ ಮಗನಿಗೆ ದೋಣಿ ಬಂದ ಹಾಗೆ ಅದೂ ಬರುತ್ತದೆ. ಯಾವನೋ ಮುತ್ತಾತ ಒಮ್ಮೆ ಮೀನು ಹಿಡಿಯಲು ಕೊಡೆ ತೆಗೆದುಕೊಂಡು ಹೋದನೆಂದು ಇವತ್ತಿಗೂ ಅವನ ವಂಶವೆಲ್ಲ ಕೊಡೆಯವರು. ಒಬ್ಬಳು ಅಜ್ಜಿ ಸಣ್ಣಗೆ ಕುಪ್ಪಳಿಸುತ್ತ ನಡೆಯುತ್ತಿದ್ದಳೆಂದು ಆರಡಿ ಎತ್ತರದ ಮೊಮ್ಮಕ್ಕಳೂ ಗುಬ್ಬಿಯವರು. ಸಂಬಳದ ಚೀಟಿಯಲ್ಲಿ, ಮದುವೆಯ ಕರೆಯಲ್ಲಿ, ಕೊನೆಗೆ ಗೋರಿಯ ಕಲ್ಲಿನಲ್ಲೂ ಹೆಸರಿನ ಕೆಳಗೆ ಅಡ್ಡಹೆಸರು ಇರಲೇಬೇಕು. ನನ್ನ ಔಷಧಿ ಅಂಗಡಿಯಲ್ಲಂತೂ ಅದಿಲ್ಲದಿದ್ದರೆ ಒಬ್ಬಳು ಜೆಸ್ಸಿ ಫಿಂಡ್ರಿಯ ಕೆಮ್ಮಿನ ಔಷಧಿ ಇನ್ನೊಬ್ಬಳು ಜೆಸ್ಸಿ ಫಿಂಡ್ರಿಯ ಹೊಟ್ಟೆಗೆ ಹೋಗಿ ನಾನು ಜೈಲಿಗೆ ಹೋಗಬೇಕಾಗುತ್ತಿತ್ತು.

ನನಗೂ ಒಂದು ಅಡ್ಡಹೆಸರಿದೆ. ಹಾಸನದಿಂದ ಬಂದ ಮೊದಲ ಚಳಿಗಾಲದಲ್ಲಿ ಯಾರದೋ ಅಂತ್ಯಕ್ರಿಯೆಯ ಊಟಕ್ಕೆ ಕರೆದಿದ್ದರು. ಹೊಗೆಯಲ್ಲಿ ಒಣಗಿಸಿ ಹಾಲಿನಲ್ಲಿ ಬೇಯಿಸಿದ ಮೀನಿನ ಸಾರು ಇಟ್ಟರು. ಸಪ್ಪೆ ಎಂದರೆ ಅಂಥ ಸಪ್ಪೆ. ನಾನು ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ಮೆಣಸಿನ ಪುಡಿ ಉದುರಿಸಿಕೊಂಡೆ. ಮಾರನೆಯ ದಿನದಿಂದ ನಾನು ಮೆಣಸು. "ಏ ಮೆಣಸು, ನನ್ನ ಮೂಲವ್ಯಾಧಿಗೆ ಏನಾದ್ರೂ ಕೊಡೋ" ಎಂದು ಬೀದಿಯ ಆ ತುದಿಯಿಂದ ಕೂಗುತ್ತಾರೆ. ಏಳು ಸಮುದ್ರದಾಚೆಯ ಕರಿಯ ಮನುಷ್ಯನಿಗೆ ಎರಡು ವಾರದಲ್ಲಿ ಸಿಕ್ಕಿದ ಹೆಸರು, ರಕ್ತದಲ್ಲೇ ಫಿಂಡ್ರಿಯಾದ ವಿಲ್ಫ್ರೆಡ್ಡಿಗೆ ಆರು ವರ್ಷವಾದರೂ ಸಿಗಲಿಲ್ಲ.

ಅದು ಸಿಗಲೆಂದು ಅವನು ಪಟ್ಟ ಪಾಡು ಒಂದೆರಡಲ್ಲ. ಬಿಸಿಲಿನಲ್ಲೂ ಕುತ್ತಿಗೆಯವರೆಗೆ ಗುಂಡಿ ಹಾಕಿದ ಹಳದಿ ಮಳೆಕೋಟು ತೊಟ್ಟು ತಿರುಗಿದ. ಅದು ಎಷ್ಟು ಹೊಸದೆಂದರೆ ನಡೆದಾಗ ಹಪ್ಪಳದಂತೆ ಸದ್ದು ಮಾಡುತ್ತಿತ್ತು. ಬೀದಿಯಲ್ಲಿ ನಡೆಯುವಾಗ ಪ್ರತಿ ಬಾಗಿಲ ಚೌಕಟ್ಟನ್ನೂ ಎರಡು ಬೆರಳಿನಿಂದ ಮುಟ್ಟಿ ಮುಂದೆ ಹೋಗುತ್ತಿದ್ದ. ಬೇರೆ ಯಾರೇ ಆಗಿದ್ದರೂ ಇಷ್ಟಕ್ಕೆ 'ಹಪ್ಪಳ'ವೋ 'ಬಾಗಿಲುಮುಟ್ಟ'ನೋ ಆಗಿ ಅವರ ವಂಶ ಉದ್ಧಾರವಾಗುತ್ತಿತ್ತು. ಇವನ ವಿಷಯದಲ್ಲಿ ಮಾತ್ರ, ಇಷ್ಟು ಚುರುಕು ನಾಲಿಗೆಯ ಊರು, ಏನೂ ಕಾಣದ ಹಾಗೆ ಮುಖ ತಿರುಗಿಸುತ್ತಿತ್ತು. ಕೊನೆಗೆ ಅವನು ಚರ್ಚಿನ ಹಿರಿಯ ಕೊಡೆ ವಾಟಿಯನ್ನು ನೇರವಾಗಿಯೇ ಕೇಳಿದ.

"ಮೂಲತಃ, ನನಗೊಂದು ಹೆಸರು ಇಡಬೇಕಾದ್ರೆ ನಾನೇನು ಮಾಡ್ಬೇಕು?"

ವಾಟಿ ಪೈಪನ್ನು ಬಾಯಿಂದ ತೆಗೆಯಲಿಲ್ಲ. "ಕೇಳಿ ಇಸ್ಕೊಳೋದು ಬೆಂಕಿಕಡ್ಡಿ ಕಣಪ್ಪ. ಅಡ್ಡಹೆಸರಲ್ಲ."

ಸುತ್ತ ಇದ್ದವರು ನಕ್ಕರು. ವಿಲ್ಫ್ರೆಡ್ಡನೂ ನಕ್ಕ, ಕನಿಷ್ಠ ತಮಾಷೆಯಲ್ಲಿ ಸೇರಿಸಿಕೊಂಡರಲ್ಲ ಎಂದು ಅವನಿಗೆ ಖುಷಿ.

ಅವನನ್ನು ಹಚ್ಚಿಕೊಂಡದ್ದು ಪಕ್ಕದ ಮನೆಯ ಬೂದಿ ಗಿಲ್ಬರ್ಟ್ ಒಬ್ಬನೇ. ಹೆಂಡತಿ ಮಕ್ಕಳಿಲ್ಲದ ಮುದುಕ, ಪುಪ್ಪುಸ ಕೆಟ್ಟು ಹಾಸಿಗೆ ಹಿಡಿದಿದ್ದ. ವಿಲ್ಫ್ರೆಡ್ ಅವನಿಗೆ ಒಲೆ ಹಚ್ಚಿ, ಗಂಜಿ ಕುಡಿಸಿ, ಪೇಪರು ಓದಿ ಹೇಳಿ, ಎರಡು ಚಳಿಗಾಲ ದಾಟಿಸಿದ. ಗಿಲ್ಬರ್ಟ್ ಸಾಯುವ ಮುನ್ನ, ಹೆಣದ ಕೆಲಸ ಮಾಡಿಸುವವನನ್ನು ಕರೆದು ತನ್ನ ಹಗ್ಗ ಹಿಡಿಯುವ ಎಂಟು ಮಂದಿಯನ್ನು ಹೇಳಿದ. ಇಲ್ಲಿ ಶವಪೆಟ್ಟಿಗೆಗೆ ಎಂಟು ಹಗ್ಗ. ಹೆಸರು ಕರೆದ ಎಂಟು ಮಂದಿ ಬಂದು ಒಂದೊಂದು ಹಿಡಿದು ಅದನ್ನು ಗುಂಡಿಗೆ ಇಳಿಸಬೇಕು. ಹಗ್ಗ ಸಿಕ್ಕವನು ನಮ್ಮವನು, ಸಿಗದವನು ನೋಡಲು ಬಂದವನು. ಇದಕ್ಕಿಂತ ದೊಡ್ಡ ಮರ್ಯಾದೆ ಈ ಊರಿನಲ್ಲಿಲ್ಲ. ಎಂಟರಲ್ಲಿ ನಾನೊಬ್ಬ, ವಿಲ್ಫ್ರೆಡ್ ಇನ್ನೊಬ್ಬ.

ಅವತ್ತು ಅವನು ಹಳದಿ ಕೋಟು ಬಿಟ್ಟು ಕರಿಯ ಕೋಟು ತೊಟ್ಟಿದ್ದ. ಸ್ಮಶಾನದಲ್ಲಿ ಒಬ್ಬೊಬ್ಬರನ್ನೇ ಕರೆದರು. ಕೊಡೆ ವಾಟಿ. ಮೆಣಸು. ನಾನು ಹೋಗಿ ಕಾಲ ಬದಿಯ ಹಗ್ಗ ಹಿಡಿದೆ. ಕೊನೆಗೆ, "ವಿಲ್ಫ್ರೆಡ್ ಫಿಂಡ್ರಿ" ಎಂದರು. ಅಡ್ಡಹೆಸರಿಲ್ಲದ ಆ ಹೆಸರು ಆ ಬಯಲಿನಲ್ಲಿ ಬತ್ತಲೆಯಾಗಿ ಕೇಳಿಸಿತು. ಅವನು ಕೈಗವಸು ಕಳಚಿ, ಕೈ ಮುಂದೆ ಚಾಚಿ ನಡೆದು ಬಂದ.

"ಆ ಕೈಗೆ ಹಗ್ಗ ಕೊಡಬೇಡ್ರೋ!"

ಗೋಡೆಯ ಬಳಿ ಹೆಂಗಸರ ನಡುವೆ ನಿಂತಿದ್ದ ಗುಬ್ಬಿ ಜೆಸ್ಸಿಯ ದನಿ ಅದು. ಊರಿನ ಅತಿ ಹಿರಿಯ ಜೀವ ಅವಳು. ಯಾರೂ ಅವಳನ್ನು ಸುಮ್ಮನಿರು ಎನ್ನಲಿಲ್ಲ. ಪಾದ್ರಿ ಪುಸ್ತಕ ನೋಡಿದ, ವಾಟಿ ನೆಲ ನೋಡಿದ, ಬಾಡಿಗೆಯ ಆಳೊಬ್ಬ ಬಂದು ಆ ಹಗ್ಗ ಹಿಡಿದ. ಗಿಲ್ಬರ್ಟನ ಭಾರ ನಮ್ಮ ಕೈಗೆ ಬಂದಿತ್ತು, ಇಳಿಸಿದೆವು. ವಿಲ್ಫ್ರೆಡ್ ಕೈಗವಸನ್ನು ಮತ್ತೆ ಹಾಕಿಕೊಳ್ಳಲು ಬಹಳ ಹೊತ್ತು ತೆಗೆದುಕೊಂಡ.

ಮಾರನೆಯ ಬೆಳಿಗ್ಗೆ ಜೆಸ್ಸಿ ಕೆಮ್ಮಿನ ಔಷಧಿಗೆ ನನ್ನ ಅಂಗಡಿಗೆ ಬಂದಾಗ ಅವನು ಅವಳ ಹಿಂದೆಯೇ ಬಂದ. ಟೋಪಿ ತೆಗೆದ.

"ಅಮ್ಮಾ, ನಾನೇನು ತಪ್ಪು ಮಾಡಿದೆ ಹೇಳಿ."

"ನೀನೇನೂ ಮಾಡಿಲ್ಲ. ನಿಮ್ಮ ತಾತ ಮಾಡಿದ."

"ತಾತ ಮೀನಿಲ್ಲ ಅಂತ ಊರು ಬಿಟ್ಟು ಬಂದ..."

"ಮೀನಿಲ್ಲ ಅಂತ!" ಮುದುಕಿ ಕೆಮ್ಮಿದಳೋ ನಕ್ಕಳೋ ತಿಳಿಯಲಿಲ್ಲ. "ಬಿರುಗಾಳೀಲಿ ನಮ್ಮಪ್ಪನ ದೋಣಿ ಚುಕ್ಕಾಣಿ ಮುರ್ಕೊಂಡು ಬಿದ್ದಿತ್ತು. ನಿಮ್ಮ ತಾತ ತನ್ನ ದೋಣಿಗೆ ಹಗ್ಗ ಕಟ್ಟಿ ಎಳ್ಕೊಂಡು ಬರ್ತಿದ್ದ. ಬಂದರಿನ ಬಾಯಿ ಹತ್ರ, ಊರೋರೆಲ್ಲ ಕಟ್ಟೆ ಮೇಲೆ ನಿಂತು ನೋಡ್ತಿರೋ ಹಾಗೇನೆ, ಕೊಡಲಿ ತಗೊಂಡು ಹಗ್ಗ ಕಡಿದ. ಅವನ ದೋಣಿ ಒಳಗೆ ಬಂತು. ನಮ್ಮದು ಬರ್ಲಿಲ್ಲ. ನಾನಾಗ ನಮ್ಮವ್ವನ ಹೊಟ್ಟೇಲಿದ್ದೆ."

ಅವನು ಬಾಯಿ ತೆರೆದು "ಮೂಲತಃ" ಎಂದ. ಅಲ್ಲಿಗೇ ನಿಂತ. ಆರು ವರ್ಷದಲ್ಲಿ ಆ ಪದದ ಮುಂದೆ ಏನೂ ಬರದೆ ಹೋದದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

"ನನಗೆ ಗೊತ್ತಿರಲಿಲ್ಲ ಅಮ್ಮಾ."

"ನಮಗೆ ಗೊತ್ತಿತ್ತಲ್ಲ. ನೀನು ಬಸ್ಸಿಳಿದು ಹೆಸರು ಹೇಳಿದಾಗ್ಲೇ ಗೊತ್ತಿತ್ತು. ಆ ಮೂಗು ಬೇರೆ ಯಾರಿಗಿದೆ? ಅಡ್ಡಹೆಸರು ಬೇಕು, ಅಡ್ಡಹೆಸರು ಬೇಕು ಅಂತ ಊರೆಲ್ಲ ಅಲೀತಿದ್ದೆ. ನೀನು ಹುಟ್ಟೋಕೆ ಮುಂಚೆನೇ ಇತ್ತು ಕಣೋ ನಿನಗೆ ಒಂದು."

"ಏನದು?"

"ಬೇಡ ಬಿಡು."

"ಹೇಳಿ. ನಿಮಗೆ ಕೈ ಮುಗೀತೀನಿ."

"ಹಗ್ಗಕೊಯ್ಕ."

ನಾನು ಅವನು ಊರು ಬಿಡುತ್ತಾನೆಂದುಕೊಂಡೆ. ಭೂಪಟ ಸುತ್ತಿಟ್ಟು, ಡರ್ಬಿಯ ಯಾವುದೋ ಬೆಚ್ಚನೆಯ ಮೂಲೆ ಸೇರಿ, ಹೆಸರು ಕೇಳಿದವರು "ಏನಂದಿರಿ?" ಎನ್ನುವ ಸುಖವನ್ನು ಮತ್ತೆ ಅನುಭವಿಸುತ್ತಾನೆಂದುಕೊಂಡೆ. ಅವನು ಮುಂದಿನ ವಾರ ರಕ್ತದೊತ್ತಡದ ಮಾತ್ರೆಗೆ ಬಂದ. ನನ್ನ ಅಂಗಡಿಯ ಹುಡುಗಿ ಅಭ್ಯಾಸಬಲದಿಂದ "ಯಾವ ಫಿಂಡ್ರಿ?" ಎಂದಳು. "ವಿಲ್ಫ್ರೆಡ್ ಫಿಂಡ್ರಿ, ಹಗ್ಗಕೊಯ್ಕ" ಎಂದ, ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವಂತೆ. ಅಂಚೆ ಕಚೇರಿಯಲ್ಲೂ ಹಾಗೇ ಹೇಳಿದ, ಬೇಕರಿಯಲ್ಲೂ ಹೇಳಿದ. ದನಿಯಲ್ಲಿ ವ್ಯಂಗ್ಯವಿರಲಿಲ್ಲ, ಸೇಡೂ ಇರಲಿಲ್ಲ. ಟೋಪಿ ಮಾತ್ರ ಈಗ ತೆಗೆಯುತ್ತಿರಲಿಲ್ಲ. ಊರಿನವರಂತೆ ಅದು ತಲೆಯ ಮೇಲೇ ಇರುತ್ತಿತ್ತು.

ಊರಿಗೆ ಕಸಿವಿಸಿ ಹತ್ತಿದ್ದು ಆಗಲೇ. ಅದುವರೆಗೆ ಬೆನ್ನಹಿಂದೆ ಮೂರು ತಲೆಮಾರು ಆಡಿದ ಮಾತು ಎದುರಿಗೆ ಬಂದು ಬ್ರೆಡ್ಡು ಕೇಳತೊಡಗಿತ್ತು. "ಮಾನ ಮರ್ಯಾದೆ ಇಲ್ಲದವನು" ಎಂದರು. "ತಾತನ ಪಾಪವನ್ನು ಪದಕದ ಹಾಗೆ ಹಾಕ್ಕೊಂಡು ತಿರುಗ್ತಾನೆ" ಎಂದರು. ಕೇಳಿದರೂ ತಪ್ಪು, ಕೊಟ್ಟದ್ದು ತೆಗೆದುಕೊಂಡರೂ ತಪ್ಪು!

ಮುಂದಿನ ಚಳಿಗಾಲ ಅವನು ನ್ಯುಮೋನಿಯಾದಿಂದ ಸತ್ತ. ಆಶ್ಚರ್ಯವೆಂದರೆ ಅಂತ್ಯಕ್ರಿಯೆಗೆ ಊರಿಗೆ ಊರೇ ಬಂತು, ಹಗ್ಗಗಳಿಗೆ ಕೈಗಳ ಬರವಾಗಲಿಲ್ಲ. ತಲೆಯ ಬದಿಯ ಹಗ್ಗವನ್ನು ವಾಟಿಯೇ ಹಿಡಿದ. ಸತ್ತವರ ವಿಷಯದಲ್ಲಿ ಕಿನ್‌ಹೈತಿನ ಜನ ಬಹಳ ಅಚ್ಚುಕಟ್ಟು. ವಿಲ್ಫ್ರೆಡ್ ತನ್ನ ಕಲ್ಲನ್ನು ಮೊದಲೇ ಹೇಳಿಟ್ಟು, ಅದನ್ನು ನಿಲ್ಲಿಸುವ ಹೊಣೆಯನ್ನು ನನಗೆ ಬಿಟ್ಟಿದ್ದ. ಮೇಲೆ ಹೆಸರು, ಅದರ ಕೆಳಗೆ ಊರಿನ ಪದ್ಧತಿಯಂತೆ ಅಡ್ಡಹೆಸರು. ಮೇಲಿನ ಸಾಲು ಕೊರೆದು ಮುಗಿದಿತ್ತು. ವಾಟಿ ನನ್ನ ಅಂಗಡಿಗೆ ಬಂದ.

"ಕೆಳಗಿನ ಸಾಲು ಬೇಡ ಮೆಣಸು. ಚರ್ಚಿನ ಹಿರಿಯರೆಲ್ಲ ಸೇರಿ ತೀರ್ಮಾನ ಮಾಡಿದೀವಿ."

"ಇಲ್ಲಿರೋ ಅಷ್ಟು ಕಲ್ಲಿನ ಮೇಲೂ ಇದೆಯಲ್ಲ, ವಾಟಿ?"

"ಅದು ಬಾಯಲ್ಲಿ ಆಡೋ ಮಾತು. ಕಲ್ಲಲ್ಲಿ ಕೊರೆಯೋದಲ್ಲ. ನಾಳೆ ಹೊರಗಿನವರು ಬಂದು ಓದಿದ್ರೆ ನಮ್ಮನ್ನ ಎಂಥ ಜನ ಅಂದ್ಕೋತಾರೆ?"

ನನಗೆ ಸಿಟ್ಟು ನೆತ್ತಿಗೇರಿತ್ತು. ಗಿಲ್ಬರ್ಟ್ ಒಮ್ಮೆ ಹೇಳಿದ್ದ, ಆಗ ನನಗೆ ತಲೆಬುಡ ತಿಳಿಯದಿದ್ದ ಸಂಗತಿಯೊಂದು ನಾಲಿಗೆಯ ತುದಿಗೆ ಬಂತು. "ಹಗ್ಗ ಕಡಿದ ದೋಣಿಯಲ್ಲಿ ನಿಮ್ಮ ತಾತನೂ ಇದ್ದನಂತಲ್ಲ? ಕಡಿದದ್ದಕ್ಕೇ ಬದುಕಿ ದಡ ಸೇರಿದನಂತಲ್ಲ?"

ವಾಟಿ ಪೈಪನ್ನು ಬಾಯಿಂದ ತೆಗೆದ. ಅವನು ಹಾಗೆ ಮಾಡಿದ್ದನ್ನು ನಾನು ಕಂಡಿರಲಿಲ್ಲ.

"ಇದ್ದ," ಎಂದ. "ಅದಕ್ಕೇ."

ಸ್ಮಶಾನ ಅವರದು, ಕಲ್ಲು ನಿಲ್ಲಿಸಲು ಅವರ ಒಪ್ಪಿಗೆ ಬೇಕು, ನಾನು ಸೋತೆ. ಕಡಲಿಗೆ ಮುಖ ಮಾಡಿದ ಆ ಇಳಿಜಾರಿನಲ್ಲಿ ಅಡ್ಡಹೆಸರಿಲ್ಲದೆ ನಿಂತಿರುವ ಫಿಂಡ್ರಿ ಕಲ್ಲು ಅದೊಂದೇ. ಹೆಸರಿನ ಕೆಳಗೆ ಕಲ್ಲುಕುಟಿಗ ನಯ ಮಾಡಿಟ್ಟಿದ್ದ ಒಂದು ಸಾಲಿನ ಜಾಗ ಹಾಗೇ ಖಾಲಿ ಇದೆ. ಮಳೆ ಬಂದಾಗ ಅಲ್ಲಿ ಪಾಚಿ ಕಟ್ಟುತ್ತದೆ; ನಾನು ಹೋದಾಗ ಒರೆಸಿ ಬರುತ್ತೇನೆ.

ಬೇರನ್ನು ಹುಡುಕಿ ಹೊರಡುವವರದೇ ಒಂದು ಕುಲವಿದೆ. ಅವರು ಎಲ್ಲ ದೇಶಗಳಲ್ಲೂ ಇದ್ದಾರೆ, ನಮ್ಮಲ್ಲೂ ಇದ್ದಾರೆ, ಗೋತ್ರ ಪ್ರವರಗಳ ಹಿಂದೆ ಊರೂರು ಸುತ್ತುತ್ತಾರೆ. ಮೂಲವೆಂದರೆ ತಮಗಾಗಿ ದೀಪ ಹಚ್ಚಿಟ್ಟುಕೊಂಡು ಕಾಯುತ್ತಿರುವ ಒಂದು ಮನೆ ಎಂದು ಅವರ ನಂಬಿಕೆ. ಆ ಮನೆಯಲ್ಲಿ ನೆನಪಿಟ್ಟುಕೊಂಡವರೂ ಇರುತ್ತಾರೆ, ತಮಗೆ ಬೇಕಾದ ಕಡೆ ಮಾತ್ರ ಅವರು ಆ ನೆನಪಿಗೆ ಬಾಯಿ ಕೊಡುತ್ತಾರೆ ಎಂಬುದು ಹುಡುಕಿ ಬಂದವರ ಲೆಕ್ಕಕ್ಕೆ ಬರುವುದಿಲ್ಲ. ಹೆಸರನ್ನು ಹುಡುಕಿಕೊಂಡು ಹೋದವರಿಗೆ ಹೆಸರು ಸಿಕ್ಕೇ ಸಿಗುತ್ತದೆ. ಆ ಹೆಸರು ಹಿಡಿದು ಕರೆಯುವವರು ಸಿಗುವುದಿಲ್ಲ.