ಅಜ್ಜಿಯ ಎರಡನೇ ಬ್ರೇಕು

ಅಜ್ಜಿಗೆ ಸೊಟ್ಟ ಕಂಡರೆ ಆಗುತ್ತಿರಲಿಲ್ಲ. ಅದು ಅವಳ ತಪ್ಪಲ್ಲ, ಅವಳು ಮಾಡಿದ ಕೆಲಸದ ತಪ್ಪು. ಬಿಸ್ಕತ್ತು ಕಾರ್ಖಾನೆಯಲ್ಲಿ ಓಡುವ ಬೆಲ್ಟಿನ ಪಕ್ಕ ನಿಂತು ಸೀದದ್ದು, ಮೂಲೆ ಮುರಿದದ್ದು, ಆಕಾರ ಕೆಟ್ಟದ್ದು ಕಂಡ ಕೂಡಲೇ ಎತ್ತಿ ಬುಟ್ಟಿಗೆ ಎಸೆಯುವುದು ಅವಳ ಕೆಲಸ. ಎಸೆಯುವಾಗ ‘ರಿಜೆಕ್ಟ್’ ಅನ್ನಬೇಕೆಂದು ಯಾರೂ ಹೇಳಿರಲಿಲ್ಲ, ಆದರೆ ಅನ್ನದಿದ್ದರೆ ಅವಳ ಕೈಗೆ ಸಮಾಧಾನವಿಲ್ಲ. ನಿವೃತ್ತಿಯ ದಿನ ಕಾರ್ಖಾನೆಯವರು ಗೋಡೆ ಗಡಿಯಾರವೊಂದನ್ನು ಕೊಟ್ಟರು. ಮನೆಗೆ ತಂದು ತೂಗುಹಾಕಿದಳು, ವಾಲಿದೆ ಅನ್ನಿಸಿತು, ನೇರ ಮಾಡಿದಳು, ಮತ್ತೂ ವಾಲಿದೆ ಅನ್ನಿಸಿತು. ಕೊನೆಗೆ ವಾಲಿರುವುದು ಗೋಡೆಯೇ ಎಂದು ತೀರ್ಮಾನಿಸಿ ಮೇಸ್ತ್ರಿಯನ್ನು ಕರೆಸಿದಳು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲವಂತೆ. ಬೆಲ್ಟಿನ ಗುಣ ನಿವೃತ್ತಿ ಕೊಟ್ಟರೂ ಹೋಗುವುದಿಲ್ಲ.

ಅಂಥ ಕೈಗೆ ಸಿಕ್ಕಿದವಳು ಮೊಮ್ಮಗಳು. ಐದು ವರ್ಷ, ಚೋಟುದ್ದ ಇದ್ದಾಳೆಂದು ಎಲ್ಲರ ಬಾಯಲ್ಲೂ ಚೋಟಿ. ಅವಳಪ್ಪನಿಗೆ ದೂರದೂರಲ್ಲಿ ಸೇತುವೆ ಕಟ್ಟುವ ಕೆಲಸ, ಅಮ್ಮನಿಗೆ, ಅಂದರೆ ಅಜ್ಜಿಯ ಮಗಳಿಗೆ, ಕಾರು ಕಲಿಸುವ ಶಾಲೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಪಾಠ ಹೇಳುವ ಕೆಲಸ. ಹಾಗಾಗಿ ಹಗಲೆಲ್ಲ ಚೋಟಿ ಅಜ್ಜಿಯ ಸುಪರ್ದಿಯಲ್ಲಿ. ಬಂದ ಹೊಸತರಲ್ಲಿ ಅವಳ ಬಾಯಲ್ಲಿ ಇದ್ದದ್ದು ಒಂದೇ ಮಾತು: ‘ನಾನೇ!’ ನಾನೇ ಹಲ್ಲುಜ್ಜುತೀನಿ, ನಾನೇ ಗುಂಡಿ ಹಾಕ್ಕೋತೀನಿ, ನಾನೇ ಹೊದಿಕೆ ಮಡಚುತೀನಿ. ಅವಳು ಮಾಡುವುದು, ಅಜ್ಜಿ ಅದನ್ನು ಬಿಚ್ಚಿ ಮತ್ತೆ ಮಾಡುವುದು. ಎತ್ತು ಏರಿಗೆ, ಕೋಣ ನೀರಿಗೆ.

ಒಂದು ದಿನ ಚೋಟಿ ಬೆಕ್ಕಿನ ಚಿತ್ರ ಬರೆದು ತಂದಳು. ಅಜ್ಜಿ ರಬ್ಬರ್ ತೆಗೆದುಕೊಂಡು ಒಂದು ಕಾಲು ಅಳಿಸಿಯೇಬಿಟ್ಟಳು.

“ಬೆಕ್ಕಿಗೆ ನಾಲ್ಕೇ ಕಾಲು ಕಣೇ.”

“ಅದು ಬಾಲ, ಅಜ್ಜಿ.”

“ಬಾಲ ಹೊಟ್ಟೆ ಕೆಳಗಿರಲ್ಲ. ರಿಜೆಕ್ಟ್.”

ಶಿಶುವಿಹಾರ ಶುರುವಾಗಿ ಕೆಲವೇ ದಿನಕ್ಕೆ ಅಲ್ಲಿನ ಟೀಚರ್ ಅಜ್ಜಿಯನ್ನು ಗೇಟಿನ ಹತ್ತಿರ ನಿಲ್ಲಿಸಿಕೊಂಡರು. ಹುಡುಗಿ ಬೂಟನ್ನು ಮಡಿಲಲ್ಲಿಟ್ಟುಕೊಂಡು ಯಾರಾದರೂ ಬಂದು ಹಾಕಲಿ ಎಂದು ಕಾಯುತ್ತಾಳಂತೆ. ಬಣ್ಣ, ಹಾಳೆ ಕೊಟ್ಟರೆ ಹಾಳೆಯನ್ನು ಹಾಗೇ ಬಿಳಿಯಾಗಿ ವಾಪಸು ಕೊಡುತ್ತಾಳಂತೆ.

“ಯಾಕಮ್ಮಾ ಬರೀಲಿಲ್ಲ ಅಂತ ಕೇಳ್ದೆ. ಬರೆದ್ರೆ ರಿಜೆಕ್ಟ್ ಆಗುತ್ತೆ ಮಿಸ್, ಬರೀದಿದ್ರೆ ಆಗಲ್ಲ ಅಂದ್ಳು. ಮನೇಲಿ ಯಾರಾದ್ರೂ ಹಾಗೆ ಹೇಳ್ತಾರಾ?”

“ಏನೋಪ್ಪಾ,” ಅಂದಳು ಅಜ್ಜಿ. “ಟೀವೀಲಿ ನೋಡಿ ಕಲ್ತಿರ್ಬೇಕು.”

ಹಾಗಂದು ಚೋಟಿಯ ಕೈ ಹಿಡಿದು ಜಾರಿಕೊಂಡಳು. ದಾರಿಯಲ್ಲಿ ಚೋಟಿಯ ಟೋಪಿ ಗಾಳಿಗೆ ಬಿತ್ತು. ಚೋಟಿ ಬಗ್ಗಲಿಲ್ಲ, ಸುಮ್ಮನೆ ನಿಂತಳು.

“ಎತ್ಕೊಳ್ಳೇ.”

“ನಂಗೆ ಬರಲ್ಲ. ನೀನೇ ಎತ್ತು.”

ಟೋಪಿ ಎತ್ತುವುದೂ ಬರುವುದಿಲ್ಲವಂತೆ! ಮೊನ್ನೆಮೊನ್ನೆವರೆಗೆ ನಾನೇ ನಾನೇ ಎಂದು ತಲೆ ತಿನ್ನುತ್ತಿದ್ದ ಕೂಸು. ಆ ಮಾತನ್ನು ಯಾರೂ ಕದ್ದಿರಲಿಲ್ಲ, ಅಜ್ಜಿಯೇ ಎತ್ತಿ ಬುಟ್ಟಿಗೆ ಎಸೆದಿದ್ದಳು. ಅದು ಅವಳಿಗೆ ಚೆನ್ನಾಗಿಯೇ ಗೊತ್ತಾಯಿತು, ನೋವೂ ಆಯಿತು. ಆ ‘ನಾನೇ’ ಅವಳಿಗೆ ವಾಪಸು ಬೇಕಿತ್ತು.

ಅಜ್ಜಿ ಯಾವುದನ್ನೂ ಅರ್ಧ ಮಾಡುವವಳಲ್ಲ. ಇಷ್ಟು ದಿನ ಎಲ್ಲ ರಿಜೆಕ್ಟ್ ಆಗಿತ್ತಲ್ಲ, ಮರುದಿನದಿಂದ ಎಲ್ಲ ಪಾಸ್. ಚೋಟಿ ನೀರು ಕುಡಿದಳು. “ಆಹಾ, ಎಷ್ಟು ಚೆನ್ನಾಗಿ ನುಂಗಿದ್ಯೇ!” ಚೋಟಿ ಸೀನಿದಳು. “ಭೇಷ್! ನಮ್ಮ ವಂಶದಲ್ಲೇ ಯಾರೂ ಇಂಥ ಸೀನು ಸೀನಿಲ್ಲ!” ಚೋಟಿ ಹುಬ್ಬು ಗಂಟಿಕ್ಕಿ ಅಜ್ಜಿಯನ್ನೇ ನೋಡಿದಳು. ಆಮೇಲೆ ಒಳಗೆ ಹೋಗಿ ಕಾಲುಚೀಲವನ್ನು ತಲೆಗೆ ಹಾಕಿಕೊಂಡು ಬಂದು ನಿಂತಳು.

“ಚೆನ್ನಾಗಿದೆಯಾ?”

“ಅದ್ಭುತ!”

ಕಾಲುಚೀಲ ತೆಗೆದು ಸುಮ್ಮನೆ ನಿಂತಳು. “ಈಗ?”

“ಅಮೋಘ!”

“ನಾನೇನೂ ಮಾಡ್ಲೇ ಇಲ್ವಲ್ಲ ಅಜ್ಜಿ.”

“ಮಾಡದೇ ಇರೋದನ್ನೂ ಎಷ್ಟು ಚೆನ್ನಾಗಿ ಮಾಡ್ತೀಯೇ!”

ಸಂಜೆ ಅಮ್ಮ ಬಾಗಿಲಲ್ಲಿ ಚಪ್ಪಲಿ ಬಿಡುವುದೇ ತಡ, ಚೋಟಿ ಓಡಿಹೋಗಿ ಅವಳ ಕಿವಿಯಲ್ಲಿ ಹೇಳಿದಳು, “ಅಮ್ಮಾ, ಅಜ್ಜಿಗೆ ಕಣ್ಣು ಹೋಗಿದೆ.”

ಮಗಳು ಗಾಬರಿಬಿದ್ದು ಕಣ್ಣಿನ ಡಾಕ್ಟರಿಗೆ ಫೋನು ಮಾಡಲು ಹೊರಟಾಗ ಅಜ್ಜಿ ಒಪ್ಪಿಕೊಳ್ಳಲೇಬೇಕಾಯಿತು. ಗೇಟಿನ ಬಳಿ ಟೀಚರ್ ಹೇಳಿದ್ದು, ತಾನು ಟೀವಿಯ ಮೇಲೆ ಹಾಕಿದ್ದು, ಹೊಗಳಿ ಅಟ್ಟಕ್ಕೇರಿಸಲು ಹೋಗಿದ್ದು, ಎಲ್ಲ. ಮಗಳು ಮೊದಲು ನಕ್ಕಳು, ನಕ್ಕು ನಕ್ಕು ನೀರು ಕುಡಿದಳು, ಆಮೇಲೆ ತಾಯಿಯ ಎದುರು ಕುರ್ಚಿ ಎಳೆದುಕೊಂಡು ಕೂತಳು.

“ಅಮ್ಮಾ, ದಿನವಿಡೀ ನನ್ನ ಪಕ್ಕ ಕೂತು ಜನ ಸೊಟ್ಟ ಸೊಟ್ಟ ಓಡಿಸ್ತಾರೆ. ನಾನು ಸ್ಟೀರಿಂಗ್ ಕಿತ್ಕೊಂಡ್ರೆ ಅವ್ರು ಈ ಜನ್ಮದಲ್ಲಿ ಕಲಿಯಲ್ಲ. ಆಹಾ ಓಹೋ ಅಂತ ಕೂತ್ರೆ ಕಂಬಕ್ಕೆ ಗುದ್ತಾರೆ. ಅದಕ್ಕೇ ನಾನು ಎರಡೂ ಕೈ ತೊಡೆ ಕೆಳಗೆ ಇಟ್ಕೊಂಡು ಕೂತ್ಬಿಡ್ತೀನಿ. ಕೇಳಿದ್ರೆ ಇದ್ದದ್ದು ಇದ್ದ ಹಾಗೆ ಹೇಳ್ತೀನಿ.”

“ಅವರು ಯಾರ ಮೇಲಾದ್ರೂ ಹತ್ತಿಸಿದ್ರೆ?”

“ನನ್ನ ಕಾಲ ಹತ್ರ ಎರಡನೇ ಬ್ರೇಕಿದೆಯಲ್ಲ. ಜೀವಕ್ಕೆ ಅಪಾಯ ಅಂದ್ರೆ ಮಾತ್ರ ಒತ್ತೋದು. ಗುಂಡಿ ಸೊಟ್ಟ ಹಾಕ್ಕೊಂಡ್ರೆ ಜೀವಕ್ಕೆ ಅಪಾಯನಾ?”

ಅಜ್ಜಿ ಪ್ರಾಮಾಣಿಕವಾಗಿ ಯೋಚಿಸಿದಳು. “ಯಾರ ಜೀವಕ್ಕೆ?” ಅಂದಳು.

ಮರುದಿನ ಬೆಳಿಗ್ಗೆ ಚೋಟಿ ಕಾಲುಚೀಲ ಹಿಡಿದು ಮೋಡದ ಮೋರೆ ಮಾಡಿಕೊಂಡು ಕೂತಳು. ಎದುರಿಗೆ ಅಜ್ಜಿ, ಎರಡು ಕೈಗಳ ಮೇಲೆ ತನ್ನ ಪೂರ್ತಿ ಭಾರ ಹಾಕಿ ಕೂತಳು. ಇವಳು ಅವಳನ್ನು ನೋಡುವುದು, ಅವಳು ಇವಳನ್ನು ನೋಡುವುದು. ಶಿಶುವಿಹಾರದ ಗಂಟೆ ಹೊಡೆದದ್ದು ಮನೆಗೇ ಕೇಳಿಸಿತು. ಕಡೆಗೆ ಪಾದಕ್ಕೆ ಚಳಿಯಾಯಿತೋ ಏನೋ, ಚೋಟಿ ತಾನಾಗಿ ಕಾಲುಚೀಲ ಏರಿಸತೊಡಗಿದಳು. ಹಿಮ್ಮಡಿಯ ಭಾಗ ಮೇಲೆ ಬಂತು. ಅಜ್ಜಿಯ ಕೈಗಳು ಕೆಳಗೆ ಒದ್ದಾಡಿದವು, ಬಲಗಾಲು ಇಲ್ಲದ ಬ್ರೇಕನ್ನು ಹುಡುಕಿ ದಬ ದಬ ನೆಲ ತುಳಿಯಿತು.

“ಸರಿಯಾಗಿದೆಯಾ?” ಚೋಟಿ ಕೇಳಿದಳು.

ರಿಜೆಕ್ಟ್ ನಾಲಿಗೆಯ ತುದಿಗೇ ಬಂದಿತ್ತು, ಅಮೋಘವೂ ಅದರ ಹಿಂದೆಯೇ ಇತ್ತು. ಅಜ್ಜಿ ಎರಡನ್ನೂ ನುಂಗಿಕೊಂಡಳು. “ಹಿಮ್ಮಡಿ ಮೇಲೆ ಬಂದಿದೆ. ಕಾಲಿಗೆ ಹೇಗನ್ನಿಸ್ತಿದೆ?”

“ಬೆಚ್ಚಗಿದೆ.”

“ಹಾಗಾದ್ರೆ ನಡಿ.”

ಹೀಗೇ ದಿನ ಸಾಗಿತು. ಚೋಟಿ ಚಮಚ ತೊಳೆದಳು, ಜೊತೆಗೆ ಅಡುಗೆಮನೆಯ ನೆಲವೂ ತೊಳೆದುಹೋಯಿತು. ಚೋಟಿ ಟವೆಲ್ ಮಡಚಿದಳು, ಅವು ಟವೆಲ್ಲೋ ಮುದ್ದೆಯಾದ ಮೊಲಗಳೋ ತಿಳಿಯುತ್ತಿರಲಿಲ್ಲ. ಚೋಟಿ ಮೊಟ್ಟೆ ತುಂಬಿದ ಬುಟ್ಟಿ ಹಿಡಿದು ಅಂಗಡಿಯಿಂದ ಮೆಟ್ಟಿಲು ಹತ್ತಿ ಬಂದಾಗ ಅಜ್ಜಿ ಮೇಲೆ ನಿಂತು ಒತ್ತಿದ ಬ್ರೇಕಿಗೆ ಕೆಳಗಿನ ಮನೆಯ ದರ್ಜಿ ಓಡಿ ಬಂದು, ಮನೆಯಲ್ಲಿ ಕುದುರೆ ಸಾಕಿದ್ದೀರಾ ಎಂದು ಕೇಳಿದ. ಹೇಳಿದ ಕೆಲಸವನ್ನು ಈಗ ಚೋಟಿ ಮಾಡುತ್ತಿದ್ದಳು. ಆದರೆ ಪ್ರತಿ ಸಲವೂ ಮೊದಲು “ನಂಗೆ ಬರಲ್ಲ, ಆದ್ರೂ ಮಾಡ್ಲಾ?” ಅನ್ನುತ್ತಿದ್ದಳು. ‘ನಾನೇ’ ಮಾತ್ರ ಬರಲಿಲ್ಲ. ಅಜ್ಜಿ ಅದಕ್ಕಾಗಿ ಕಿವಿ ತೆರೆದುಕೊಂಡೇ ಇದ್ದಳು.

ಅಷ್ಟರಲ್ಲಿ ಬೆಲ್ಟಿನ ಗೆಳತಿಯರು ಮನೆಗೆ ಬರುವ ಭಾನುವಾರ ಬಂತು. ಮೂವರು: ಉದ್ದಕ್ಕಿದ್ದುದರಿಂದ ಏಣಿ, ದಪ್ಪ ಗಾಜಿನ ಕನ್ನಡಕದ ಚಷ್ಮಾ, ಮತ್ತು ಇವರೆಲ್ಲರ ಮೇಲ್ವಿಚಾರಕಿಯಾಗಿದ್ದ ದೊಡ್ಡಕ್ಕ. ದೊಡ್ಡಕ್ಕನ ಕಣ್ಣಿಗೆ ಹೆದರಿ ಬಿಸ್ಕತ್ತುಗಳೇ ಬೆಲ್ಟಿನ ಮೇಲೆ ನೆಟ್ಟಗಾಗುತ್ತಿದ್ದವು ಎಂದು ಕಾರ್ಖಾನೆಯಲ್ಲಿ ಮಾತಿತ್ತು. ಅಂಥವರ ಮುಂದೆ ಚೋಟಿಯ ಕೈಯಲ್ಲಿ ತಿಂಡಿ ಇಡಿಸುವುದೆಂದರೆ ಹುಲಿಯ ಬೋನಿಗೆ ಮೇಕೆ ಬಿಟ್ಟಂತೆ. ಆದರೂ ಅಜ್ಜಿ, ತಿಂಡಿ ನೀನು ಇಡ್ತೀಯಾ ಎಂದು ಚೋಟಿಯನ್ನು ಕೇಳಿದಳು.

“ನಂಗೆ ಬರಲ್ಲ,” ಅಂದಳು ಚೋಟಿ.

“ನಂಗೂ ಒಬ್ಳಿಗೇ ಆಗಲ್ಲ ಕಣೇ. ನಿಜವಾಗ್ಲೂ ಒಂದು ಕೈ ಬೇಕು.”

ಚೋಟಿ ಒಂದು ಕೈಯನ್ನು ಮುಂದೆ ಹಿಡಿದು ನೋಡಿಕೊಂಡಳು. ಆಮೇಲೆ ಸ್ಟೂಲು ಎಳೆದುಕೊಂಡಳು.

ಬ್ರೆಡ್ಡಿಗೆ ಜಾಮ್ ಸವರುವ ಕೆಲಸ. ಜಾಮ್ ಬ್ರೆಡ್ಡಿಗೂ ಬಿತ್ತು, ಮೊಣಕೈಗೂ, ಕದದ ಹಿಡಿಗೂ, ಹೇಗೋ ಬೆನ್ನಿಗೂ. ಚೂರುಗಳನ್ನು ಒಂದರ ಮೇಲೊಂದು ಪೇರಿಸಿ ಗೋಪುರ ಮಾಡಿದಳು. ಮೇಲಿನದರಲ್ಲಿ ಅವಳ ಹಲ್ಲಿನ ಗುರುತಿತ್ತು, ರುಚಿ ನೋಡಿದ್ದಳು. ಗೆಳತಿಯರು ಮೇಜಿನ ಸುತ್ತ ಕೂತು ಹಳೇ ಮ್ಯಾನೇಜರನನ್ನು ಬಯ್ಯುತ್ತಿದ್ದಾಗ ಅಡುಗೆಮನೆಯಿಂದ ತಟ್ಟೆ ಬಂತು. ತಟ್ಟೆ ಎಡಕ್ಕೆ, ಗೋಪುರ ಬಲಕ್ಕೆ, ನಡುವೆ ನಾಲಿಗೆ ಹೊರಚಾಚಿದ ಚೋಟಿ.

ಮೂವರ ಆರು ಕೈಗಳು ಯಾರೂ ಹೇಳದೆಯೇ ಮೇಲೆದ್ದವು. ದೊಡ್ಡಕ್ಕನ ಬಾಯಿಂದ “ರಿ” ಅನ್ನುವಷ್ಟು ಹೊರಬಂದೂ ಆಗಿತ್ತು. ಚೋಟಿ ನಿಂತುಬಿಟ್ಟಳು. ತಟ್ಟೆಯನ್ನು ಎದೆಗೆ ಒತ್ತಿಕೊಂಡಳು. “ನಂಗೆ ಬರ...”

“ಬೆಲ್ಟ್ ನಿಲ್ಸಿ!” ಅಜ್ಜಿ ಗುಡುಗಿದಳು. “ಕೈ ಕೆಳಗೆ! ಎಲ್ರೂ! ಕೂತ್ಕೊಳ್ಳಿ ಅದ್ರ ಮೇಲೆ!”

ಬೆಲ್ಟ್ ನಿಲ್ಲಿಸಿ ಅಂದರೆ ಯಾಕೆಂದು ಕೇಳುವ ಅಭ್ಯಾಸ ಕಾರ್ಖಾನೆಯಲ್ಲಿ ಇರಲಿಲ್ಲ. ಮೂವರೂ ತೆಪ್ಪಗೆ ಕೈಗಳ ಮೇಲೆ ಕೂತರು, ದೊಡ್ಡಕ್ಕನೂ ಕೂಡ. ಅಜ್ಜಿಯೂ ತನ್ನ ಕೈಗಳ ಮೇಲೆ ಕೂತಳು. ಚೋಟಿ ಒಂದು ಹೆಜ್ಜೆ ಇಟ್ಟಳು. ಗೋಪುರ ತೂಗಾಡಿತು. ಮೇಜಿನ ಕೆಳಗೆ ಎಲ್ಲರ ಕಾಲುಗಳೂ ಕಾಣದ ಬ್ರೇಕುಗಳನ್ನು ತುಳಿದವು. ಕೆಳಗಿನ ದರ್ಜಿ ಕೋಲಿನಿಂದ ತನ್ನ ಚಾವಣಿಗೆ ಗುದ್ದಿದ. ಮೇಲಿನ ಚೂರು ಜಾರಿ ಜಾಮ್ ಮುಖ ಕೆಳಗಾಗಿ ನೆಲಕ್ಕೆ ಬಿತ್ತು. ಚೋಟಿ ತಟ್ಟೆಯನ್ನು ಮೇಜಿನ ಮೇಲಿಟ್ಟು, ಬಗ್ಗಿ, ಬಿದ್ದದ್ದನ್ನು ಎತ್ತಿ ತಿರುಗಿಸಿ ನೋಡಿದಳು. “ಇದು ಇರುವೆಗೆ,” ಅಂದು ಕಿಟಕಿಯ ಕಟ್ಟೆಯ ಮೇಲಿಟ್ಟು ಬಂದಳು.

ತಿಂಡಿಯೇನೋ ಬಂದಿತು. ತಿನ್ನುವವರಿಲ್ಲ. ಅಜ್ಜಿ ಕೈ ತೆಗೆಯಿರಿ ಅಂದಿರಲಿಲ್ಲ, ಅವಳು ತನ್ನದನ್ನೂ ತೆಗೆದಿರಲಿಲ್ಲ, ತೆಗೆದರೆ ಆ ಗೋಪುರವನ್ನು ನೇರ ಮಾಡಿಬಿಡುತ್ತೇನೆಂದು ಅವಳಿಗೆ ಗೊತ್ತಿತ್ತು. ಚೋಟಿ ಒಬ್ಬೊಬ್ಬರನ್ನೇ ನೋಡಿದಳು.

“ಯಾಕೆ ತಿಂತಿಲ್ಲ?”

“ಕೈ ತೆಗೆದ್ರೆ ನಿಮ್ಮಜ್ಜಿ ಬೈತಾಳಲ್ಲ,” ಅಂದಳು ಚಷ್ಮಾ.

ಆ ಕಷ್ಟ ಚೋಟಿಗೆ ತಿಳಿಯದ್ದಲ್ಲ. ಅವಳ ಮುಖದಲ್ಲಿ ಕರುಣೆ ಉಕ್ಕಿತು.

“ಪಾಪ, ನಿಮ್ಗೂ ಬರಲ್ವಾ? ಇರಿ, ನಾನೇ ತಿನ್ನಿಸ್ತೀನಿ.”

ಸ್ಟೂಲು ಬಂತು. ಏಣಿಗೆ ತಿನ್ನಿಸಲು ಚೋಟಿ ತುದಿಗಾಲಲ್ಲಿ ನಿಂತಳು, ಅರ್ಧ ಬಾಯಿಗೆ ಹೋಯಿತು, ಅರ್ಧ ಮೂಗಿಗೆ. ಚಷ್ಮಾಳ ಕನ್ನಡಕ ಕೆಂಪಗಾಯಿತು. ದೊಡ್ಡಕ್ಕನ ಬಾಯಿಗೆ ಇಡೀ ಚೂರನ್ನು ಒಮ್ಮೆಗೇ ತುರುಕಿ, ಗಲ್ಲಕ್ಕೆ ಇಳಿದ ಜಾಮನ್ನು ತೋಳಿನಿಂದ ಒರೆಸಿ, “ಪರವಾಗಿಲ್ಲ, ನಿಧಾನಕ್ಕೆ ಅಗೀರಿ, ಮೊದಲ್ನೇ ಸಲ ಹಾಗೇ ಆಗುತ್ತೆ,” ಅಂದಳು. ಕಾರ್ಖಾನೆಯನ್ನೇ ನಡುಗಿಸಿದ ದೊಡ್ಡಕ್ಕ ಹೂಂ ಎಂದು ತಲೆಯಾಡಿಸಿ ಅಗಿದಳು.

ಕೊನೆಗೆ ಅಜ್ಜಿಯ ಸರದಿ. ಅಜ್ಜಿಯ ಕಣ್ಣಲ್ಲಿ ನೀರು ತುಂಬಿಕೊಂಡಿತ್ತು, ಮೂಗೂ ಸೋರುತ್ತಿತ್ತು. ಒರೆಸಿಕೊಳ್ಳಲು ಕೈ ತೆಗೆಯಲಿಲ್ಲ. ಇಷ್ಟು ಸಂತೋಷ ಅವಳಿಗೆ ಗಡಿಯಾರ ಕೊಟ್ಟ ದಿನವೂ ಆಗಿರಲಿಲ್ಲ. ಚೋಟಿ ಸ್ಟೂಲು ಹತ್ತಿ, ಒಂದು ಕಣ್ಣು ಮುಚ್ಚಿ ಗುರಿ ಹಿಡಿದಳು. ಬ್ರೆಡ್ಡು ಹೊರಟಿತು, ಆದರೆ ಬಾಯಿಯ ಕಡೆಗಲ್ಲ, ಕಿವಿಯ ಕಡೆಗೆ. ಅಜ್ಜಿ ನೆಲ ತುಳಿಯಲಿಲ್ಲ. ಕತ್ತು ಹೊರಳಿಸಿ, ಬ್ರೆಡ್ಡು ಎಲ್ಲಿಗೆ ಬರುತ್ತಿತ್ತೋ ಅಲ್ಲಿಗೆ ತನ್ನ ಬಾಯನ್ನು ಕೊಂಡೊಯ್ದು ಅಗಲವಾಗಿ ತೆರೆದಳು.