ಅಮೀನ ಮುಟ್ಟದ ಮಗ್ಗ

ನನ್ನ ಗಂಡ ಅಂಜಿನೇಯ ಮನೆಯೊಳಗೆ ಹುಲಿ. ಬೀದಿಯಲ್ಲಿ ಯಾರಾದರೂ ಗಟ್ಟಿಯಾಗಿ ಕೆಮ್ಮಿದರೆ ಮಾತ್ರ ಕೈಕಾಲು ಆಡುವುದಿಲ್ಲ. ಅಂಥ ಪುಣ್ಯಾತ್ಮ ಚಳ್ಳಕೆರೆಯ ಗೆಳೆಯ ಹೊನ್ನೂರಸ್ವಾಮಿಯ ಸಾಲಕ್ಕೆ ಜಾಮೀನು ಹಾಕಿ ಬಂದ. ಗೆಳೆಯ ಊರು ಬಿಟ್ಟ. ಮೊಳಕಾಲ್ಮೂರು ಕೋರ್ಟಿನಲ್ಲಿ ಕೇಸು ನಡೆಯಿತು. ಹೋಗಿ ಒಂದು ಮಾತು ಹೇಳಿ ಬಾ ಎಂದು ನಾನು ಬಾಯಿ ಬಡಿದುಕೊಂಡರೂ ನಮ್ಮವನು ಆ ಕಡೆ ತಲೆ ಹಾಕಲಿಲ್ಲ. ಸಾಲ ನಾವೇ ಕಟ್ಟಬೇಕೆಂದು ಡಿಕ್ರಿ ಆಯಿತು. ಸಾಮಾನು ಜಪ್ತಿ ಮಾಡಲು ಕೋರ್ಟಿನ ಅಮೀನ ಬರುತ್ತಾನೆ ಎಂದು ಸುದ್ದಿಯೂ ಬಂತು.

ಮನೆಯಲ್ಲಿದ್ದ ಆಸ್ತಿ ಎಂದರೆ ಮಗ್ಗ. ಅದರ ಮೇಲಿನ ರೇಷ್ಮೆ ಸಾಹುಕಾರ ಚಂದ್ರಣ್ಣನದು, ನೇಯುವ ಕೂಲಿ ಮಾತ್ರ ನಮ್ಮದು. ಯಾರದೋ ಮದುವೆಯ ಸೀರೆ, ಅರ್ಧಕ್ಕೆ ಬಂದಿತ್ತು. ರೇಷ್ಮೆ ಕೆಡಿಸಿದವರಿಗೆ ಚಂದ್ರಣ್ಣ ಮತ್ತೆ ನೂಲು ಕೊಡುವುದಿಲ್ಲ. ಬೇರೆ ಸಾಹುಕಾರರೂ ಕೊಡದಂತೆ ನೋಡಿಕೊಳ್ಳುತ್ತಾನೆ. ನಮ್ಮ ಬೀದಿಯಲ್ಲಿ ಯಾವ ಮನೆಯ ಮಗ್ಗದ ಸದ್ದು ನಿಂತರೂ ಅವನಿಗೆ ಹೇಗೋ ಗೊತ್ತಾಗಿ ಬೈಕು ಹತ್ತಿ ಬಂದುಬಿಡುತ್ತಾನೆ.

ಆವತ್ತು ಬೆಳಿಗ್ಗೆ ಪಕ್ಕದ ಮನೆಯ ಹುಚ್ಚಕ್ಕ ಹಿತ್ತಲ ಗೋಡೆಯ ಮೇಲಿಂದ ಕೂಗಿದಳು.

"ನಾಗರತ್ನಾ, ಕೋರ್ಟಿನೋರು ಬೀದಿ ತುದೀಗೆ ಬಂದವ್ರೆ ಕಣೇ! ಕೊಂಡ್ಲಹಳ್ಳಿ ರೋಡಲ್ಲಿ ನನ್ನ ಮೊಮ್ಮಗನ ಬೈಕು ಕಿತ್ಕೊಂಡು ಹೋದ್ರಲ್ಲ, ಹಂಗೇ ನಿಮ್ಮ ಮಗ್ಗಾನೂ ಹೊತ್ಕೊಂಡು ಹೋಗ್ತಾರೆ. ಬಿಚ್ಚಿ ಈ ಕಡೆ ದಾಟಿಸ್ರಿ."

ಅಂಜಿನೇಯ ಮಗ್ಗದ ಕೋಣೆಗೆ ಓಡಿದ. ಕತ್ತರಿ ಎತ್ತಿಕೊಂಡ.

"ಏನ್ ಮಾಡ್ತೀಯಾ? ಹಾಸಿನ ಎಳೆ ಕತ್ತರಿಸಿದ್ರೆ ಸೀರೆ ಹೋಯ್ತು!" ಎಂದೆ.

"ಸೀರೆ ಹೋದ್ರೆ ಹೋಗ್ಲಿ, ಮಗ್ಗ ಹೋದ್ರೆ ಏನ್ ತಿಂತೀಯಾ?"

ಅವನ ಕೈ ಹಿಡಿಯಲು ಹೋದೆ. ಅಷ್ಟರಲ್ಲಿ ಕತ್ತರಿ ಆಡಿತ್ತು. ಬಿಗಿಯಾಗಿದ್ದ ಎಳೆಗಳೆಲ್ಲ ಸಡಿಲಗೊಂಡು ಮಗ್ಗದ ಕೆಳಗೆ ಕಾಲು ಇಳಿಬಿಡುವ ಗುಂಡಿಗೆ ಜೋತುಬಿದ್ದವು. ಅವನು ಮರದ ಪಟ್ಟಿಗಳನ್ನು ಕಳಚುತ್ತಿರುವಾಗಲೇ ಬಾಗಿಲು ಬಡಿದ ಸದ್ದಾಯಿತು.

"ತಾಯೀ, ಬಾಗಿಲು ತೆಗೀರಿ. ಕೋರ್ಟಿಂದ ಬಂದೀವಿ."

ಅಂಜಿನೇಯ ಮೂಲೆ ಸೇರಿದ. ನಾನೇ ಹೋಗಿ ಚಿಲಕ ತೆಗೆದೆ. ಹೊರಗೆ ನರೆತ ತಲೆಯ ಅಮೀನ ಕೃಷ್ಣಮೂರ್ತಿ, ಸಾಕ್ಷಿಗೆಂದು ಕರೆತಂದ ನಮ್ಮ ಬೀದಿಯವರೇ ಇಬ್ಬರು. ಅಮೀನ ಕೂಗಾಡಲಿಲ್ಲ. ವಾರಂಟು ತೋರಿಸಿ, ಓದಿ ಹೇಳಿ, ಟೀವಿ ಮತ್ತು ಬೀರು ಬರೆದುಕೊಂಡ. ನಾನು ಕತ್ತಿನ ತಾಳಿಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಿದ್ದೆ.

"ಅದನ್ನ ಬಿಡಮ್ಮ. ತಾಳಿ, ಉಡೋ ಬಟ್ಟೆ, ಅಡಿಗೆ ಪಾತ್ರೆ ಮುಟ್ಟಂಗಿಲ್ಲ ನಾವು," ಎಂದ.

ಆಮೇಲೆ ಮಗ್ಗದ ಕೋಣೆಗೆ ಇಣುಕಿ ಅಲ್ಲೇ ನಿಂತ.

"ಇದ್ಯಾಕೆ ಹಿಂಗೆ ಬಿಚ್ಚಿದ್ರಿ?"

"ನೀವು ಒಯ್ತೀರಲ್ಲ ಸಾರ್, ಅದಕ್ಕೆ," ಎಂದ ಅಂಜಿನೇಯ ಮೂಲೆಯಿಂದಲೇ.

"ಅಯ್ಯೋ, ನೇಯೋರ ಮಗ್ಗ ಜಪ್ತಿ ಮಾಡಂಗಿಲ್ಲ ಕಣಯ್ಯ, ಕಾನೂನೇ ಐತೆ. ರೇಷ್ಮೆ ಅಂತೂ ನಿಂದೇ ಅಲ್ಲ, ಅದನ್ನ ಹೆಂಗೆ ಒಯ್ಯಲಿ?"

"ಹುಚ್ಚಕ್ಕನ ಮೊಮ್ಮಗನ ಬೈಕು ಒಯ್ದ್ರಲ್ಲ?" ಎಂದೆ ನಾನು.

"ಅವರು ಫೈನಾನ್ಸಿನ ಹುಡುಗ್ರಮ್ಮ. ನಾನು ಕೋರ್ಟಿನೋನು. ಕತ್ತಲಾದ್ಮೇಲೆ ನಿಮ್ಮ ಹೊಸಿಲು ದಾಟಿದ್ರೂ ನಾನು ಜಡ್ಜ್ ಸಾಹೇಬರ ಮುಂದೆ ಕೈಕಟ್ಟಿ ನಿಲ್ಲಬೇಕು. ಅವರನ್ನ ಕೇಳೋರು ಯಾರವ್ರೆ?" ಎಂದು ಕತ್ತರಿಸಿದ ಎಳೆಗಳನ್ನು ಮತ್ತೊಮ್ಮೆ ನೋಡಿದ. "ಕೋರ್ಟಿಗೆ ಬಂದು ಒಂದು ಮಾತು ಕೇಳಿದ್ರೆ ಹೇಳ್ತಿದ್ವಲ್ಲಯ್ಯ."

ಟೀವಿ, ಬೀರು ತಳ್ಳುಗಾಡಿಯಲ್ಲಿ ಹೋದವು. ನನಗೆ ಅವುಗಳ ಚಿಂತೆಯೇ ಇರಲಿಲ್ಲ. ಅಂಜಿನೇಯ ಗುಂಡಿಯ ಅಂಚಿನಲ್ಲಿ ಕೂತು ತುಂಡಾದ ಎಳೆಗಳನ್ನು ಒಂದಕ್ಕೊಂದು ಗಂಟು ಹಾಕಲು ನೋಡುತ್ತಿದ್ದ. ಒಂದು ಗಂಟು ಹಾಕುವಷ್ಟರಲ್ಲಿ ಇನ್ನೊಂದು ಬಿಚ್ಚಿಕೊಳ್ಳುತ್ತಿತ್ತು. ಬೈಯಬೇಕೆಂದು ಬಾಯಿ ತೆರೆದೆ, ಅಳು ಬಂತು.

ಬೀದಿಯ ಮಗ್ಗಗಳೆಲ್ಲ ಎಂದಿನಂತೆ ಆಡುತ್ತಿದ್ದವು. ನಮ್ಮದೊಂದೇ ನಿಂತಿತ್ತು. ಆ ಸದ್ದಿನ ನಡುವೆ ಬೈಕೊಂದು ಬಂದು ನಮ್ಮ ಮನೆಯ ಮುಂದೆ ನಿಂತಿತು. ಅಮೀನನಿಗೆ ಬಾಗಿಲು ತೆಗೆದಿದ್ದ ನಾನು ಈಗ ಎದ್ದು ಹೋಗಿ ಚಿಲಕ ಹಾಕಿದೆ.

"ಅಂಜಿನೇಯಾ," ಚಂದ್ರಣ್ಣ ಹೊರಗಿನಿಂದ ಕೂಗಿದ, "ಮಗ್ಗ ಯಾಕೋ ನಿಂತೈತೆ?"