ಅರವತ್ತಮೂರು ಪತ್ರಗಳ ಒಂದು ಸಾಲು

“ನಿನ್ನ ಮಗಳ ಹೆಸರ್ಲೆ ಯಾವ ಈಮೇಲೂ ಬಂದಿಲ್ಲಬೇ. ಬೇಕಾದ್ರ ನೀನಾ ನೋಡು,” ಎಂದು ಕಾಲೇಜು ಕಚೇರಿಯ ಗುಮಾಸ್ತೆ ಮಲ್ಲೇಶ್ವರಿ ಕಂಪ್ಯೂಟರಿನ ಪರದೆಯನ್ನು ಕಿಟಕಿಯ ಕಡೆಗೆ ಅರ್ಧ ತಿರುಗಿಸಿದಳು.

ಕಿಟಕಿಯಾಚೆ ನಿಂತಿದ್ದ ಮಾರೆವ್ವ ಪರದೆಯನ್ನು ನೋಡಲಿಲ್ಲ. ಓದು ಬಾರದವಳಿಗೆ ಪರದೆ ತೋರಿಸುವುದು ಬರೀ ಶಾಸ್ತ್ರ ಎಂಬುದು ತೋರಿಸಿದವಳಿಗೂ ಗೊತ್ತಿತ್ತು. ಮಾರೆವ್ವ ಮಲ್ಲೇಶ್ವರಿಯ ಮುಖವನ್ನೇ ನೋಡಿದಳು.

“ಅಕ್ಕಾರ, ನನ್ನ ಕಣ್ಣ ಮುಂದ ಕಂಪ್ಯೂಟರ್ ಅಂಗಡಿ ರಫೀ ಕಳಿಸ್ಯಾನ್ರಿ. ‘ಹೋತು ನೋಡಬೇ’ ಅಂದ. ಹೋಗಿದ್ದು ಎಲ್ಲೆರೆ ಮುಟ್ಟಿರಬೇಕಲ್ರಿ. ನಡುವ ಹಾರಿ ಹೋಗಾಕ ಅದೇನು ಗುಬ್ಬಿ ಏನ್ರಿ?”

ಹಿಂದೆ ಸಾಲಿನಲ್ಲಿದ್ದ ಇಬ್ಬರು ನಕ್ಕರು. ಮಲ್ಲೇಶ್ವರಿಗೆ ನಗು ಬರಲಿಲ್ಲ. ಮೊನ್ನೆಯೂ ಈ ಹೆಂಗಸು ಬಂದಿದ್ದಳು, ಮೊನ್ನೆಯೂ ತಾನು ಇದೇ ಉತ್ತರ ಕೊಟ್ಟು ಕಳಿಸಿದ್ದಳು.

ಕೊಪ್ಪಳದ ಆ ಹೆಣ್ಣುಮಕ್ಕಳ ಕಾಲೇಜಿನ ಹಾಸ್ಟೆಲ್ಲಿಗೆ ಆಯ್ಕೆಯಾದವರು ಜೂನ್ ಎಂಟರೊಳಗೆ ಒಪ್ಪಿಗೆಯ ಈಮೇಲ್ ಕಳಿಸಬೇಕಿತ್ತು. ಕಳಿಸದವರ ಸೀಟು ಕಾಯುತ್ತಿದ್ದವರಲ್ಲಿ ಮೊದಲಿನವಳಿಗೆ. ಮಾರೆವ್ವನ ಮಗಳು, ಇರಕಲ್ಲಗಡದ ಅಂಜಲಿಯ ಹೆಸರು ಆಯ್ಕೆಯಲ್ಲಿತ್ತು, ಒಪ್ಪಿಗೆ ಬಂದಿರಲಿಲ್ಲ. ಇವತ್ತು ನಾಲ್ಕು ಗಂಟೆಗೆ ಕೊನೆಯ ಪಟ್ಟಿ ಗೋಡೆಗೆ ಬೀಳುತ್ತದೆ. ಈಗ ಎರಡೂಮುಕ್ಕಾಲು.

“ದಿನಾ ಬಸ್ಸಿಗೆ ಬಂದು ಹೋಗಿ ಮಾಡಲಿ ತಗೋ. ಎಷ್ಟು ಹುಡುಗ್ಯಾರು ಬರಂಗಿಲ್ಲ?” ಎಂದಳು ಮಲ್ಲೇಶ್ವರಿ, ಸಮಾಧಾನಕ್ಕೆ.

“ಮನ್ಯಾಗ ಇದ್ದ ಹುಡುಗಿ ಹೊಲಕ್ಕ ಹೋಗ್ತಾಳ್ರಿ ಅಕ್ಕಾರ. ಮೇಸ್ತ್ರಿ ಮುಂಜೇಲೆ ಆರಕ್ಕ ಬಂದು ಬಾಗಲಾ ಬಡದ್ರ ‘ಇಲ್ಲ’ ಅನ್ನಾಕ ನನಗ ಬಾಯಿ ಬರಂಗಿಲ್ಲ. ಹಾಸ್ಟೆಲ್ದಾಗ ಇದ್ರ ಅವನಾ ತಿಳ್ಕೊಂತಾನ.”

ಇಷ್ಟು ಹೇಳಿ ಮಾರೆವ್ವ ಕಿಟಕಿ ಬಿಟ್ಟಳು. ಮನೆಗೆ ಹೋಗಲಿಲ್ಲ. ಪಡಸಾಲೆಯ ಮೆಟ್ಟಿಲ ಮೇಲೆ ಕುಳಿತಳು.

ಸಾಲು ಕರಗಿದ ಮೇಲೆ ಮಲ್ಲೇಶ್ವರಿ ಬಾಟಲಿಗೆ ನೀರು ತುಂಬಿಕೊಳ್ಳಲು ಹೊರಗೆ ಬಂದಾಗ ಅವಳು ಇನ್ನೂ ಅಲ್ಲೇ ಇದ್ದಳು. ಮಡಿಲಲ್ಲಿ ಎರಡು ಲಡಿ ಹಳದಿ ದಾರ ಇಟ್ಟುಕೊಂಡು ಒಂದರ ಸಿಕ್ಕು ಬಿಡಿಸುತ್ತಿದ್ದಳು.

“ಏನಬೇ ಅದು?”

“ಬೆಂಡಿ ಹೊಲದಾಗ ಬೀಜಕ್ಕ ಕ್ರಾಸಿಂಗ್ ಮಾಡತೀವಲ್ರಿ, ಅದಕ್ಕ. ಪ್ಯಾಟಿಗೆ ಹೆಂಗೂ ಬಂದಿದ್ನಲ್ರಿ, ತಗೊಂಡೆ. ಒಂದು ನಂದು, ಒಂದು ಅಂಜಲೀದು. ನಾಳಿಂದ ಹಳದಿ.”

“ನಾಳಿಂದ ಹಳದಿ ಅಂದ್ರ?”

“ಹೂವಿಗೆ ಗಂಡು ಹೂವಿನ ಪುಡಿ ಮುಟ್ಟಿಸಿದ ಕೂಡ್ಲೆ ದಾರ ಕಟ್ಟತೀವ್ರಿ, ಗುರುತಿಗೆ. ವಾರಕ್ಕೊಂದು ಬಣ್ಣ. ಹ್ವಾದ ವಾರ ಕೆಂಪು ಇತ್ತು. ಎಲ್ಲಾದಕ್ಕೂ ಒಂದಾ ಬಣ್ಣ ಕಟ್ಟಿದ್ರ ಯಾವ ಕಾಯಿ ಯಾವ ವಾರದ್ದು ಅನ್ನೂದು ಆ ಗವಿಸಿದ್ದಪ್ಪಗೂ ತಿಳಿಯಂಗಿಲ್ಲ.”

ಮಲ್ಲೇಶ್ವರಿ ಒಳಗೆ ಬಂದು ಕುಳಿತಳು. ಇಪ್ಪತ್ತು ವರ್ಷ ಕಿಟಕಿಯ ಹಿಂದೆ ಕುಳಿತವಳಿಗೆ ಸುಳ್ಳು ಹೇಳುವವರ ಅವಸರ ಗೊತ್ತಿರುತ್ತದೆ. ಸುಳ್ಳು ಹೇಳುವವರು ಕೂಗಾಡುತ್ತಾರೆ, ಇಲ್ಲವೇ ಅಳುತ್ತಾರೆ. ಕೂತು ದಾರದ ಸಿಕ್ಕು ಬಿಡಿಸುವುದಿಲ್ಲ. ಅರ್ಜಿಯ ಮೇಲಿದ್ದ ರಫೀಯ ನಂಬರಿಗೆ ಫೋನ್ ಹಚ್ಚಿದಳು.

“ಕಳಿಸೀನ್ರಿ ಮೇಡಂ. ಐದನೇ ತಾರೀಖು, ಹನ್ನೊಂದೂ ಹನ್ನೆರಡಕ್ಕ. ನನ್ನ ಕಡೆ ಕಳಿಸಿದ ಪತ್ರದ ಪಟ್ಟ್ಯಾಗ ಐತಿ,” ಎಂದ ರಫೀ.

“ವಿಷಯ ಅಂತ ಇರ್ತದಲ್ಲಪಾ, ಅಲ್ಲಿ ಏನು ಹಾಕೀದಿ?”

“ಎಲ್ರಿ?”

“ಪತ್ರದ ಮ್ಯಾಲ. ಒಂದು ಸಾಲಿನ ಡಬ್ಬಿ ಇರತದ ನೋಡು.”

“ಓ, ಆ ಮ್ಯಾಲಿನ ಡಬ್ಬೀನ್ರಿ? ಶ್ರೀ ಗವಿಸಿದ್ದೇಶ್ವರ ಪ್ರಸನ್ನ ರೀ.”

ಮಲ್ಲೇಶ್ವರಿ ಅದನ್ನು ಚೀಟಿಯ ಮೇಲೆ ಬರೆದುಕೊಂಡಳು. “ಎಲ್ಲಾರ ಪತ್ರಕ್ಕೂ ಅದಾ ಏನು?”

“ಮತ್ತೇನ್ ಮಾಡ್ಲಿ ಮೇಡಂ? ಮ್ಯಾಲ ದೇವರ ಹೆಸರಿಲ್ಲಂದ್ರ ನಮ್ಮೂರಾಗ ಯಾರೂ ಅರ್ಜಿ ಒಪ್ಪಂಗಿಲ್ಲ. ಒಂದ್ಸಲ ಆ ಡಬ್ಬ್ಯಾಗ ‘ಪಿಂಚಣಿ’ ಅಂತ ಬರದಿದ್ದೆ. ಮುದಕಮ್ಮ ಅಂತ ಒಬ್ಬಾಕಿ, ‘ನಿನಗ ದೇವರು ಬ್ಯಾಡಾಗಿದ್ರ ನನಗ ಬೇಕಲೋ’ ಅಂತ ಛತ್ರೀಲೆ ಟೇಬಲ್ ಬಡದು ಎದ್ದು ಹ್ವಾದ್ಲು. ಅವತ್ತಿಂದ ನಾ ತಪ್ಪಿಸಿಲ್ರಿ.”

ಫೋನ್ ಕೆಳಗಿಟ್ಟು ಅವಳು ಹುಡುಕುವ ಪೆಟ್ಟಿಗೆಯಲ್ಲಿ ಆ ದೇವರ ಸಾಲನ್ನೇ ಟೈಪ್ ಮಾಡಿದಳು. ಈಮೇಲ್ ಹುಡುಕುವ ಈ ಸಾಫ್ಟ್‌ವೇರ್ ಬಂದು ಎರಡು ತಿಂಗಳಾಗಿತ್ತು. ಒಂದೇ ಒಂದು ಸಾಲು ಎದ್ದಿತು. ಅದರಲ್ಲಿ ಹೀಗಿತ್ತು: ರಫೀ ಕಂಪ್ಯೂಟರ್ಸ್, ದುರುಗಪ್ಪ, ಮಗಳ ವ್ಯಾಸಂಗ ಪ್ರಮಾಣಪತ್ರ ಬೇಕು. ಪಕ್ಕದಲ್ಲಿ ಸಣ್ಣದಾಗಿ 63.

ಈ ಸಾಲನ್ನು ಅವಳು ಮೊನ್ನೆಯೂ ನೋಡಿದ್ದಳು, ಇವತ್ತೂ ನೋಡಿದ್ದಳು. ‘ಅಂಜಲಿ’ ಎಂದು ಹುಡುಕಿದಾಗಲೂ ಇದೇ ಬಂದಿತ್ತು. ದುರುಗಪ್ಪನ ಪತ್ರ ಇಲ್ಲೇಕೆ ಬಂತು, ಅವನ ಮಗಳ ಹೆಸರೂ ಅಂಜಲಿಯೇ ಇರಬೇಕು ಎಂದು ಬಿಟ್ಟಿದ್ದಳು. ಅರವತ್ತಮೂರು ಏನೋ ಕಂಪ್ಯೂಟರಿನ ಲೆಕ್ಕ ಎಂದುಕೊಂಡಿದ್ದಳು.

ಸಾಲಿನ ಮೇಲೆ ಒತ್ತಿದಳು. ಮೇಲೆ ಮೊದಲಿನ ಪತ್ರ, ಕೆಳಗೆ ಕೊನೆಗೆ ಬಂದ ದುರುಗಪ್ಪನದು, ನಡುವೆ ಮಡಿಸಿಟ್ಟ ಸೀರೆಯಂತೆ ಒಂದು ಗೆರೆ. ಗೆರೆಯನ್ನು ಒತ್ತಿದೊಡನೆ ಪತ್ರಗಳು ಬಿಚ್ಚಿಕೊಂಡು ಇಳಿಯತೊಡಗಿದವು. ಬಸ್ ಪಾಸು, ವರ್ಗಾವಣೆ ಪತ್ರ, ಜಾತಿ ಪ್ರಮಾಣಪತ್ರ, ಎಲ್ಲದರ ತಲೆಯ ಮೇಲೂ ಅದೇ ಪ್ರಸನ್ನ. ನಲವತ್ತೊಂದನೆಯದು ಅಂಜಲಿಯದು. ಜೂನ್ ಐದು, ಹನ್ನೊಂದೂ ಹನ್ನೆರಡು.

“ಎಲ್ಲಾದಕ್ಕೂ ಒಂದಾ ಬಣ್ಣ,” ಎಂದಳು ಮಲ್ಲೇಶ್ವರಿ ತನ್ನಷ್ಟಕ್ಕೆ.

ಆಮೇಲೆ ಇನ್ನೊಂದು ನೆನಪಾಯಿತು. ಆರನೇ ತಾರೀಖು ದುರುಗಪ್ಪನ ಕೆಲಸ ಮುಗಿಸಿ ‘ಮುಗಿದಿದೆ’ ಎಂಬ ಗುಂಡಿ ಒತ್ತಿದವಳು ಅವಳೇ. ಒತ್ತಿದ್ದು ಒಂದು ಪತ್ರಕ್ಕೆ. ಮುಗಿದ ಪತ್ರಗಳ ಕೋಣೆಗೆ ಹೋಗಿ ಬಿದ್ದದ್ದು ಅರವತ್ತಮೂರೂ.

ಮೂರೂ ಇಪ್ಪತ್ತು. ಕಚೇರಿ ಮೇಲ್ವಿಚಾರಕ ವಿರುಪಾಕ್ಷಿ ಪಟ್ಟಿಗೆ ಸಹಿ ಹಾಕಿ ಅಂಟಿನ ಡಬ್ಬಿಯ ಮುಚ್ಚಳ ತಿರುವುತ್ತಿದ್ದರು.

“ಸರ, ಅಂಜಲಿ ಒಪ್ಪಿಗಿ ಬಂದೇತಿ. ಐದಕ್ಕಾ ಬಂದೇತಿ.”

“ಪಟ್ಟಿ ತಯಾರಾದ ಮ್ಯಾಲ ಬರತಾವ ನೋಡ್ರಿ ಇಂಥವು! ಇಲ್ಲಿತನಕ ಎಲ್ಲಿತ್ತದು? ನಾನಾ ನಿಂತು ಹಾಕಿಸಿದ ಸಾಫ್ಟ್‌ವೇರ್ ಅದು, ಸುಮ್ಮನ ಏನೂ ಮುಚ್ಚಿಡಂಗಿಲ್ಲ.”

“ಅದು ಮುಚ್ಚಿಟ್ಟಿಲ್ರಿ. ಒಬ್ಬನಾ ಕಳಿಸ್ಯಾನ, ಮ್ಯಾಲಿನ ಸಾಲೂ ಒಂದಾ, ಅಂದ್ರ ಎಲ್ಲಾ ಒಂದಾ ಮಾತುಕತಿ ಅಂತ ಗಂಟು ಕಟ್ಟೇತಿ. ಗಂಟನ್ನ ಮೂಲಿಗೆ ಒಗದಾಕಿ ನಾನು.”

ವಿರುಪಾಕ್ಷಿ ಎದ್ದು ಬಂದು ಪರದೆ ನೋಡಿದರು. ಕನ್ನಡಕ ಏರಿಸಿ ಮೇಲಿಂದ ಕೆಳಗಿನತನಕ ಉರುಳಿಸಿದರು. ದನಿ ತಗ್ಗಿಸಿದರು.

“ನೀವು ಒತ್ತೀರಿ ಅಂತ ಯಾರಿಗೂ ಗೊತ್ತಾಗಿದ್ದಿಲ್ಲಲ್ರಿ. ಪ್ರಿನ್ಸಿಪಾಲರಿಗೆ ಏನಂತ ಹೇಳಬೇಕು ನಾನು?”

“ಮಲ್ಲೇಶ್ವರಿ ತಪ್ಪು ಒತ್ಯಾಳ ಅಂತ ಹೇಳ್ರಿ. ಹೊಸಾ ಪಟ್ಟಿಗೆ ಟಿಪ್ಪಣಿ ನಾನಾ ಬರೀತೀನಿ, ಸಹಿ ಹಾಕ್ತೀನಿ.”

ಅವರು ಅಂಟಿನ ಡಬ್ಬಿಯ ಮುಚ್ಚಳ ಮತ್ತೆ ಹಾಕಿದರು. ಆಮೇಲೆ ಪಟ್ಟಿಯನ್ನು ನಾಲ್ಕು ಮಡಿಕೆ ಮಾಡಿ ಹರಿದರು. ಅಂಜಲಿಯ ಜಾಗಕ್ಕೆ ಏರಿದ್ದ ಕುಷ್ಟಗಿಯ ಹುಡುಗಿಗೆ ಇನ್ನೂ ಸುದ್ದಿ ಹೋಗಿರಲಿಲ್ಲ. ಆ ಹೆಸರನ್ನು ಮತ್ತೆ ಕಾಯುವವರ ಪಟ್ಟಿಯ ತಲೆಗೆ ಟೈಪ್ ಮಾಡುವಾಗ ಮಲ್ಲೇಶ್ವರಿಯ ಬೆರಳು ಒಂದು ಕ್ಷಣ ತಡೆಯಿತು, ಆದರೂ ಟೈಪ್ ಮಾಡಿದಳು. ಅಷ್ಟರಲ್ಲಿ ವಿರುಪಾಕ್ಷಿ ಸೆಟ್ಟಿಂಗ್ಸ್ ಹೊಕ್ಕು, ಪತ್ರಗಳನ್ನು ಗುಂಪು ಮಾಡುವ ಕಡೆ ಇದ್ದ ಸರಿ ಗುರುತು ತೆಗೆದರು. ಒಂದು ಸಾಲಿದ್ದದ್ದು ಅರವತ್ತಮೂರು ಸಾಲಾಗಿ ಹರಡಿತು.

“ಇನ್ನುಳಿದ್ವು?” ಎಂದರು.

“ಇವತ್ತು ಒಂದೊಂದೂ ತಗದು ನೋಡಿನಾ ಏಳತೀನ್ರಿ.”

ಪಟ್ಟಿ ಗೋಡೆಗೇರಿದಾಗ ನಾಲ್ಕೂ ಹತ್ತು. ಮಲ್ಲೇಶ್ವರಿ ಮಾರೆವ್ವನ ತೋರುಬೆರಳು ಹಿಡಿದು ಹನ್ನೆರಡನೇ ಹೆಸರಿನ ಮೇಲೆ ಇಟ್ಟಳು.

“ಇದು ನಿನ್ನ ಮಗಳು. ನಿನ್ನ ಪತ್ರ ಬಂದಿತ್ತಬೇ. ನಾನಾ ನೋಡಿದ್ದಿಲ್ಲ.”

ಮಾರೆವ್ವ ಬೆರಳನ್ನು ತೆಗೆಯಲಿಲ್ಲ. ಅಂಟು ಇನ್ನೂ ಹಸಿಯಾಗಿತ್ತು.

“ಎರಡು ಸಲ ನನ್ನ ಸುಳ್ಳಿ ಮಾಡಿದ್ರಲ್ರಿ ಅಕ್ಕಾರ,” ಎಂದಳು ಕಡೆಗೆ. ಸಿಟ್ಟಿರಲಿಲ್ಲ, ಆದರೆ ಹೇಳದೆ ಬಿಡುವ ಮನಸ್ಸೂ ಇರಲಿಲ್ಲ.

“ಹೌದು ಮಾಡಿದೆ.”

“ಇರ್ಲಿ ಬಿಡ್ರಿ. ಯಾವತ್ತು ಕರಕೊಂಡು ಬರ್ಲಿ?”

“ನಾಳೆನಾ ಬಾ. ಹಾಸಿಗಿ, ತಾಟು, ಎರಡು ಫೋಟೋ.”

ಇರಕಲ್ಲಗಡದ ಬಸ್ಸಿಗೆ ಹೊತ್ತಾಗಿತ್ತು. ಮಾರೆವ್ವ ಚೀಲ ಎತ್ತಿಕೊಂಡು ಗೇಟಿನತನಕ ಹೋದವಳು ತಿರುಗಿ ಬಂದಳು. ಚೀಲದಿಂದ ಸಿಕ್ಕು ಬಿಡಿಸಿದ್ದ ಲಡಿಯನ್ನು ತೆಗೆದು ಕಿಟಕಿಯ ಕಟ್ಟೆಯ ಮೇಲೆ ಇಟ್ಟಳು.

“ಫೈಲಿಗೆ ಕಟ್ಟಾಕ ಬರತೈತಿ, ಇಟ್ಕೋರಿ. ನನಗ ಒಂದಾ ಸಾಕು.”

ಅವಳು ಹೋದ ಮೇಲೆ ಮಲ್ಲೇಶ್ವರಿ ಉಳಿದ ಪತ್ರಗಳಲ್ಲಿ ಮೊದಲಿನದನ್ನು ತೆರೆದಳು. ಫ್ಯಾನಿನ ಗಾಳಿಗೆ ಲಡಿಯ ಒಂದು ಎಳೆ ಸಡಿಲಾಗಿ, ಕಟ್ಟೆಯ ಅಂಚಿನಿಂದ ಹೊರಗೆ ಇಳಿಬಿದ್ದಿತ್ತು.